ಬಳ್ಳಾರಿ ಬಿಸಿಲಲ್ಲಿ ಹಳೇ 800: ಎಂಜಿನ್ ಬಿಸಿ ಇಳಿಸುವ ಕೆಲಸ ಎಲ್ಲಿಗೆ ಬಂತು

ಕಾರು ಮಾರುತಿ 800, 1998ರದು. ಮೂರು ಸಿಲಿಂಡರ್, 796 ಸಿಸಿ, ಕಾರ್ಬ್ಯುರೇಟರ್. ಎಸಿ ಇದೆ. ಮೊದಲು ಸಿರುಗುಪ್ಪದಲ್ಲಿ ಸೋದರಮಾವನ ಹತ್ತಿರ ಇತ್ತು, ಈಗ ಬಳ್ಳಾರಿಯಲ್ಲಿ ನನ್ನ ಹತ್ತಿರ ಇದೆ. ಬಾಡಿ, ಬ್ರೇಕ್, ವೈರಿಂಗ್ ಕೆಲಸ ಚಳಿಗಾಲದಲ್ಲೇ ಮುಗಿದಿತ್ತು. ಯುಗಾದಿ ಹತ್ತಿರ ಬಂದ ಹಾಗೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಲು ಶುರುವಾಯಿತು. ಚಳಿಗಾಲದಲ್ಲಿ ಇದೇ ಕಾರು ಸುಮ್ಮನಿತ್ತು.

ಇದಕ್ಕೆ ಲೆಕ್ಕ ಸರಳ. ರೇಡಿಯೇಟರ್ ಎಷ್ಟು ಬಿಸಿ ಹೊರಗೆ ಹಾಕುತ್ತದೆ ಅನ್ನುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ನೀರು 90 ಡಿಗ್ರಿ, ಗಾಳಿ 25 ಇದ್ದರೆ ವ್ಯತ್ಯಾಸ 65. ನಮ್ಮ ಏಪ್ರಿಲ್ ಮಧ್ಯಾಹ್ನ ಗಾಳಿಯೇ 42 ಇರುತ್ತದೆ. ಆಗ ಉಳಿಯುವುದು 48. ಅಂದರೆ ರೇಡಿಯೇಟರ್‌ನ ಶಕ್ತಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕುಗ್ಗಿತು. ಬೇರೆ ಊರಲ್ಲಿ ವರ್ಷಗಟ್ಟಲೆ ಬಚ್ಚಿಟ್ಟುಕೊಂಡು ಇರುವ ದೋಷ ಇಲ್ಲಿ ಬೇಸಿಗೆಗೆ ಹೊರಗೆ ಬೀಳುತ್ತದೆ.

ಯಾವಾಗ ಬಿಸಿ ಆಗುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ಇದನ್ನು ನೋಡಬೇಕು. ಎಲ್ಲರಿಗೂ ಇದನ್ನೇ ಹೇಳುತ್ತೇನೆ. ರಾಯಲ್ ಸರ್ಕಲ್ ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಸ್ವಲ್ಪ ಏರುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಹೊಸಪೇಟೆ ರಸ್ತೆಯಲ್ಲಿ 70ರಲ್ಲಿ ಹೋಗುವಾಗ ಕಥೆ ಬೇರೆ. ಕುಡಿತಿನಿ ದಾಟುವ ಹೊತ್ತಿಗೆ ಮೆಲ್ಲಗೆ ಏರಲು ಶುರು. ವೇಗ ಇಳಿಸುವವರೆಗೆ ಇಳಿಯುತ್ತಲೇ ಇರಲಿಲ್ಲ.

ಊರೊಳಗೆ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್, ಅದರ ಸ್ವಿಚ್, ಫ್ಯೂಸ್ ನೋಡಬೇಕು. ಹೈವೇಯಲ್ಲಿ ಫ್ಯಾನ್ ಬೇಕಾಗುವುದೇ ಇಲ್ಲ, ಗಾಳಿ ತಾನಾಗಿ ನುಗ್ಗುತ್ತದೆ. ಆದರೆ ಎಂಜಿನ್ ಜಾಸ್ತಿ ದುಡಿಯುತ್ತಿರುತ್ತದೆ, ಜಾಸ್ತಿ ಬಿಸಿ ಹುಟ್ಟುತ್ತದೆ. ಅಲ್ಲಿ ಮುಳ್ಳು ಏರಿದರೆ ಒಂದೋ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್‌ಗೆ ಬಿಸಿ ಬಿಡಲು ಆಗುತ್ತಿಲ್ಲ. ನಮ್ಮದು ಈ ಹೈವೇ ಜಾತಿ.

ಖಾಲಿ ಗೂಡು

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿ ಏರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್. ಅದು ಅಂಟಿಕೊಂಡಿರಬಹುದು ಅಂತ ಮುಚ್ಚಳ ಬಿಚ್ಚಿದೆ. ಒಳಗೆ ಥರ್ಮೋಸ್ಟಾಟೇ ಇರಲಿಲ್ಲ. ಯಾವ ಕಾಲದಲ್ಲೋ ಯಾರೋ ತೆಗೆದಿದ್ದಾರೆ. ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿದಾಗ ಅವರು, "ಸಾರ್, ನಮ್ಮ ಬಳ್ಳಾರಿ ಬಿಸಿಲಿಗೆ ಅದ್ಯಾಕ್ ಬೇಕ್ರಿ? ಎಲ್ಲಾ ಗಾಡೀದೂ ತೆಗೆದು ಒಗೀತೀವಿ" ಅಂದರು.

ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇಲ್ಲದೆಯೂ ಕಾರು ಬಿಸಿಯಾಗುತ್ತಿದೆ ಅಂದರೆ ಕಾರಣ ಬೇರೆ ಎಲ್ಲೋ ಇದೆ ಅಂತಲೇ ಅರ್ಥ, ಅಲ್ವಾ? ತೆಗೆದವರು ರೋಗವನ್ನು ನಾಲ್ಕು ದಿನ ಮುಂದಕ್ಕೆ ಹಾಕಿದ್ದಾರೆ, ಅಷ್ಟೇ. ಅದು ಇಲ್ಲದಿದ್ದರೆ ಚಳಿಗಾಲದ ಬೆಳಗ್ಗೆ ಎಂಜಿನ್ ಬೇಗ ಬಿಸಿ ಏರುವುದಿಲ್ಲ. ಚೋಕ್ ಜಾಸ್ತಿ ಹೊತ್ತು ಎಳೆದಿಡಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ತೇವ ಆರದೆ ಆಯಿಲ್‌ಗೆ ಸೇರಿ ಆಯಿಲ್ ಕೆಡುತ್ತದೆ. ಇನ್ನು ಕೆಲವರು ಉಲ್ಟಾ ಹೇಳುತ್ತಾರೆ, ಥರ್ಮೋಸ್ಟಾಟ್ ತೆಗೆದರೆ ನೀರು ಜೋರಾಗಿ ಹರಿದು ತಣ್ಣಗಾಗಲು ಸಮಯವೇ ಸಿಗುವುದಿಲ್ಲ ಅಂತ. ಅದೂ ಸರಿಯಲ್ಲ. ಜೋರಾಗಿ ಹೋದ ನೀರು ಅಷ್ಟೇ ಬೇಗ ವಾಪಸ್ ಬರುತ್ತದೆ. ಒಟ್ಟಿನಲ್ಲಿ ರೇಡಿಯೇಟರ್‌ನಲ್ಲಿ ಇರುವ ಹೊತ್ತು ಅಷ್ಟೇ.

ಹೊಸದು ತಂದೆ. ಮೇಲೆ 82 ಅಂತ ಅಚ್ಚಿದೆ. ಹಾಕುವ ಮುಂಚೆ ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮಾಮೀಟರ್ ಇಳಿಸಿ, ದಾರದಲ್ಲಿ ಥರ್ಮೋಸ್ಟಾಟ್ ತೂಗುಬಿಟ್ಟು ಕಾಯಿಸಿ ನೋಡಿದೆ. 82ರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರು ಮಾಡಿತು, 95ಕ್ಕೆ ಪೂರ್ತಿ ತೆರೆಯಿತು. ಒಳ್ಳೆಯದು. ಆದರೆ ಉಳಿದ ಕೆಲಸ ಮುಗಿಯುವವರೆಗೆ ಡಬ್ಬದಲ್ಲೇ ಇಟ್ಟೆ.

ಹೆಡ್ ಗ್ಯಾಸ್ಕೆಟ್

ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್ ಇದು. ಭಯ ಇದ್ದದ್ದು ಇದರದ್ದೇ. ಹೆಡ್ ಅಲ್ಯೂಮಿನಿಯಂ, ಒಮ್ಮೆ ಜೋರಾಗಿ ಕಾದರೆ ಸೊಟ್ಟಗಾಗುತ್ತದೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದೆ, ಬಿಡದೆ ಬರುವ ಗುಳ್ಳೆ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಹಾಲಿನ ಬಣ್ಣ ಇಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಮೂರರಲ್ಲೂ 11ರಿಂದ 12 ಕೆಜಿ ನಡುವೆ. ಗ್ಯಾಸ್ಕೆಟ್ ಉಳಿದಿದೆ. ಪ್ಲಗ್ ಕಿಡಿ ಹಾರುವ ಟೈಮಿಂಗ್ ಕೂಡ ನೋಡಿದೆ, ಸರಿ ಇತ್ತು.

ಕೆಂಪು ಧೂಳು

ಎಸಿ ಇರುವ ಕಾರಲ್ಲಿ ರೇಡಿಯೇಟರ್ ಮುಂದೆ ಕಂಡೆನ್ಸರ್ ಇರುತ್ತದೆ, ಎಸಿಯ ಬಿಸಿ ಹೊರಗೆ ಹಾಕುವ ಜಾಲರಿ. ಹೊರಗಿನಿಂದ ಕಾಣುವುದು ಕಂಡೆನ್ಸರ್ ಮಾತ್ರ. ಅದನ್ನು ತೊಳೆದು ರೇಡಿಯೇಟರ್ ಕ್ಲೀನ್ ಆಯಿತು ಅಂದುಕೊಳ್ಳುವವರೇ ಜಾಸ್ತಿ. ಕಸ ಸೇರುವುದು ಎರಡರ ಮಧ್ಯದ ಸಂದಿಯಲ್ಲಿ. ರೇಡಿಯೇಟರ್ ಬಿಚ್ಚಿ ಈಚೆ ತೆಗೆದಾಗ ತೋರಣಗಲ್ಲು-ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು, ಹತ್ತಿಯ ಎಳೆ, ಭತ್ತದ ಹೊಟ್ಟು, ಹುಳುಗಳ ರೆಕ್ಕೆ ಎಲ್ಲ ಸೇರಿ ದಪ್ಪ ಪದರವಾಗಿ ಕೂತಿತ್ತು. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆದೆ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಫಿನ್, ಅಂದರೆ ತೆಳು ತಗಡಿನ ಪಟ್ಟಿಗಳು, ಮಡಚಿಕೊಳ್ಳುತ್ತವೆ. ಮಡಚಿದ್ದ ಕೆಲವನ್ನು ಪಿನ್‌ನಿಂದ ನೇರ ಮಾಡಿದೆ.

ಅಳತೆಗೆ, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಬಳಸುತ್ತಿದ್ದೇನೆ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಅದಕ್ಕೆ ಅಳೆಯುವ ಜಾಗದಲ್ಲೆಲ್ಲ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ತೊಳೆಯುವ ಮುಂಚೆ, ಹೈವೇ ಓಟದ ನಂತರ, ಮೇಲಿನ ಹೋಸ್ ಕೂಡುವ ಜಾಗದಲ್ಲಿ 104 ಇತ್ತು. ತೊಳೆದು ವಾಪಸ್ ಹಾಕಿದ ಮೇಲೆ 99. ಕಡಿಮೆ ಆಯಿತು, ಸಾಲದು.

ಅದೇ ಗನ್ ಹಿಡಿದು ರೇಡಿಯೇಟರ್ ಹಿಂಬದಿ ಉದ್ದಗಲ ನೋಡುತ್ತಾ ಹೋದೆ. ಒಂದು ಮೂಲೆಯಲ್ಲಿ ದೊಡ್ಡ ಜಾಗ ಪಕ್ಕದ್ದಕ್ಕಿಂತ ತೀರಾ ತಣ್ಣಗಿತ್ತು. ಅಲ್ಲಿ ಬಿಸಿ ನೀರು ಬರುತ್ತಲೇ ಇಲ್ಲ ಅಂತಾಯಿತು. ಉತ್ತರ ಸಿಕ್ಕಿದ್ದು ಅಲ್ಲಿ.

ಒಳಗಿನ ಸುಣ್ಣ

ನಮ್ಮದು ತಾಮ್ರದ ಕೋರ್, ಹಿತ್ತಾಳೆ ಟ್ಯಾಂಕ್. ಇಂಥದ್ದನ್ನು ರಿಪೇರಿ ಮಾಡಬಹುದು. ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯೂಮಿನಿಯಂ ರೇಡಿಯೇಟರ್ ಆಗಿದ್ದರೆ ಹೊಸದನ್ನೇ ತರುತ್ತಿದ್ದೆ. ಕೌಲ್‌ಬಜಾರ್ ಕಡೆ ರೇಡಿಯೇಟರ್ ಕೆಲಸ ಮಾಡುವ ಭಾಯ್ ಒಬ್ಬರಿದ್ದಾರೆ. ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ಎತ್ತಿದರು. ಒಳಗೆ ನೋಡಿ, "ಅಣ್ಣಾ, ನೀರ್ ಹೋಗೋ ದಾರೀನೇ ಇಲ್ಲ. ಪೂರಾ ಸುಣ್ಣ ಐತಿ ಒಳಗ" ಅಂದರು.

ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಇದು. ಸವಳು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಪ್ಪುಗಳು ಬಿಸಿಗೆ ಗಟ್ಟಿಯಾಗಿ ಕೂರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾಯಿತು ಅಂತ ಮತ್ತೆ ಬೋರ್ ನೀರು ಹಾಕಿದರೆ ಇನ್ನಷ್ಟು ಉಪ್ಪು ಸೇರುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ನಳಿಗೆ ಮುಚ್ಚದೆ ಇನ್ನೇನಾಗುತ್ತದೆ? ಮುಚ್ಚದೆ ಉಳಿದ ನಳಿಗೆಯಲ್ಲೂ ಆ ಪದರ ಬಿಸಿಯನ್ನು ತಾಮ್ರಕ್ಕೆ ಮುಟ್ಟಲು ಬಿಡುವುದಿಲ್ಲ.

ಭಾಯ್ ಚಪ್ಪಟೆ ಸರಳುಗಳನ್ನು ಒಂದೊಂದೇ ನಳಿಗೆಗೆ ತೂರಿಸಿ ಕೆರೆದರು. ಅವರ ಕೈ ನೋಡುತ್ತಾ ಕೂರುವುದೇ ಒಂದು ಪಾಠ. ಸರಳು ಸಿಕ್ಕಿಕೊಂಡಲ್ಲಿ ಒತ್ತುವುದಿಲ್ಲ, ಹಿಂದೆ ತೆಗೆದು ನೀರು ಬಿಟ್ಟು ಮತ್ತೆ ತೂರಿಸುತ್ತಾರೆ. ತಾಮ್ರ ತೆಳ್ಳಗಿದೆ, ಬಲ ಹಾಕಿದರೆ ತೂತಾಗುತ್ತದೆ. ಆಮೇಲೆ ಬೆಸುಗೆ ಹಾಕಿ, ನೀರಲ್ಲಿ ಮುಳುಗಿಸಿ, ಗಾಳಿ ತುಂಬಿ ಲೀಕ್ ನೋಡಿದರು. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹಳೇ ಗಾಡಿ ಇಟ್ಟುಕೊಂಡವರು ಇಂಥವರ ಪರಿಚಯ ಇಟ್ಟುಕೊಳ್ಳಿ.

ಮುಚ್ಚಳ ಮತ್ತು ಕೂಲಂಟ್

ರೇಡಿಯೇಟರ್ ಮುಚ್ಚಳ ಹೊಸದು ಹಾಕಿದೆ, 0.9 ಅಂತ ಬರೆದಿರುವುದು. ಆ ಒತ್ತಡ ನಿಂತರೆ ಬರೀ ನೀರು ಕೂಡ ಕುದಿಯುವುದು ಸುಮಾರು 118ಕ್ಕೆ. ಸ್ಪ್ರಿಂಗ್ ಸತ್ತ ಮುಚ್ಚಳದಲ್ಲಿ 100ರ ಹತ್ತಿರವೇ ಕುದಿಯುತ್ತದೆ. ಮುಚ್ಚಳದ ನಡುವೆ ಇನ್ನೊಂದು ಸಣ್ಣ ವಾಲ್ವ್ ಇದೆ. ಎಂಜಿನ್ ತಣ್ಣಗಾದಾಗ, ಬಿಸಿಗೆ ಉಕ್ಕಿದ ನೀರು ಸೇರುವ ಪಕ್ಕದ ಬಾಟಲಿಯಿಂದ ನೀರು ವಾಪಸ್ ಎಳೆಯುವುದು ಅದರ ಕೆಲಸ. ಬೆಳಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಮೊದಲು ಅದನ್ನು ನೋಡಿ.

ಇಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟದ ಹಾಗೆ ಬೆರೆಸುವ ಕೂಲಂಟ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕ ಇದೆ, ಅಲ್ಯೂಮಿನಿಯಂ ಹೆಡ್‌ಗೆ ಅದು ಬೇಕೇ ಬೇಕು. ಕುದಿಯುವ ಮಟ್ಟವೂ ಮೇಲೇರುತ್ತದೆ. ಹಾಗಂತ ಪೂರ್ತಿ ಕೂಲಂಟ್ ಹಾಕಬಾರದು, ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿದ್ದೇನೆ. ಅದಕ್ಕೂ ಮುಂಚೆ ಎಂಜಿನ್ ಒಳಗಿನ ಕೆಂಪು ನೀರು ತಿಳಿಯಾಗುವವರೆಗೆ ಪೈಪ್ ಹಿಡಿದು ತೊಳೆದೆ. ಥರ್ಮೋಸ್ಟಾಟ್ ಈಗ ಕೂರಿಸಿದೆ, ಗಾಳಿ ಹೋಗುವ ಸಣ್ಣ ತೂತು ಮೇಲೆ ಬರುವ ಹಾಗೆ. ಕಾರಿನ ಮೂತಿ ಎತ್ತರಕ್ಕೆ ಇಟ್ಟು, ಹೀಟರ್ ಫುಲ್ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ತುಂಬಿಸಿದೆ.

ಸಂಡೂರು ಪರೀಕ್ಷೆ

ಮೇ ತಿಂಗಳ ಮಧ್ಯಾಹ್ನ, ನಾವು ನಾಲ್ಕು ಜನ, ಎಸಿ ಆನ್. ತೋರಣಗಲ್ಲು ದಾಟಿ ಸಂಡೂರು, ಅಲ್ಲಿಂದ ಕುಮಾರಸ್ವಾಮಿ ಗುಡಿಯ ಘಟ್ಟ. ಹೈವೇಯಲ್ಲಿ ಮುಳ್ಳು ಅರ್ಧಕ್ಕಿಂತ ಕೆಳಗೆ ಕೂತು ಅಲ್ಲಾಡಲಿಲ್ಲ. ನಿಲ್ಲಿಸಿ ಅಳೆದಾಗ 91. ಘಟ್ಟದಲ್ಲಿ ಅದಿರಿನ ಲಾರಿ ಹಿಂದೆ ಸೆಕೆಂಡ್ ಗೇರಲ್ಲಿ ಹತ್ತುವಾಗ ಸ್ವಲ್ಪ ಏರಿತು, ಫ್ಯಾನ್ ಓಡಿತು. ತಿರುವಿನ ಬದಿಯಲ್ಲಿ ನಿಲ್ಲಿಸಿ ನೋಡಿದರೆ 97. ಇಳಿಜಾರು ಬಂದ ಕೂಡಲೇ ವಾಪಸ್ ಇಳಿಯಿತು. ಬಹಳ ಖುಷಿ ಆಯಿತು.

ದಾರಿಯಲ್ಲಿ ಬಿಸಿಯಾಗಿ ನಿಂತವರಿಗೆ ಒಂದು ಮಾತು. ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಫುಲ್ ಹಾಕಿ ಬದಿಗೆ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ, ಬಟ್ಟೆ ಹಿಡಿದೂ ಬೇಡ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಉಳಿಯುವುದಿಲ್ಲ.

ಇನ್ನು ಉಳಿದದ್ದು

ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನ ಬಳಿ ಒಣಗಿದ ಕೂಲಂಟ್ ಕಲೆ ಇದೆ. ಸೀಲ್ ಹೋಗುತ್ತಿರುವ ಲಕ್ಷಣ. ಈ ಎಂಜಿನ್‌ನಲ್ಲಿ ಪಂಪ್ ತಿರುಗಿಸುವುದು ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ. ಅದೂ ಹಳೆಯದು. ಎರಡನ್ನೂ ತಂದಿಟ್ಟಿದ್ದೇನೆ, ಮಳೆ ಶುರುವಾಗುವ ಮುಂಚೆ ಒಟ್ಟಿಗೆ ಬದಲಿಸುತ್ತೇನೆ. ಹಳೇ ಪಂಪ್‌ನ ರೆಕ್ಕೆ ಮತ್ತು ಬೇರಿಂಗ್ ಯಾವ ಸ್ಥಿತಿಯಲ್ಲಿತ್ತು ಅಂತ ಮುಂದಿನ ಬರಹದಲ್ಲಿ ಹೇಳುತ್ತೇನೆ.