ಗುರಿ ತಪ್ಪಿದಾಗ ನಗರವೇ ಗುರಿಯಾಯಿತು

ಎರಡನೇ ಮಹಾಯುದ್ಧದ ನಡುವೆ, 1941ರ ಆಗಸ್ಟ್‌ನಲ್ಲಿ, ಬ್ರಿಟನ್ನಿನ ಯುದ್ಧ ಸಂಪುಟದ ಕಾರ್ಯಾಲಯದಲ್ಲಿದ್ದ ಬಟ್ ಎಂಬ ಅಧಿಕಾರಿ, ಜರ್ಮನಿಯ ವಿರುದ್ಧದ ರಾತ್ರಿ ದಾಳಿಗಳಲ್ಲಿ ಬ್ರಿಟಿಷ್ ಬಾಂಬರ್ ವಿಮಾನಗಳಿಂದ ತೆಗೆದ 600ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಪರಿಶೀಲಿಸಿ ಒಂದು ವರದಿ ಸಲ್ಲಿಸಿದರು. ಗುರಿಯ ಮೇಲೆ ದಾಳಿ ನಡೆಸಿದೆವೆಂದು ಹೇಳಿಕೊಂಡಿದ್ದ ವಿಮಾನಗಳಲ್ಲಿ ಮೂರಕ್ಕೊಂದು ಮಾತ್ರ ಆ ಗುರಿಯಿಂದ ಐದು ಮೈಲಿಯೊಳಗೆ ತಲುಪಿತ್ತು. ಇಂಥ ಪಡೆಯಿಂದ ಒಂದು ಕಾರ್ಖಾನೆಯನ್ನೋ ಸೇತುವೆಯನ್ನೋ ಹೊಡೆಯುವುದು ಸಾಧ್ಯವಿಲ್ಲವೆಂಬುದು ಅಲ್ಲಿಗೆ ಖಚಿತವಾಯಿತು. ಆದರೂ ಪಡೆಯನ್ನು ಬೇರೆ ಕೆಲಸಕ್ಕೆ ಹಚ್ಚಲಿಲ್ಲ. ಅದು ತಪ್ಪದೆ ಹೊಡೆಯಬಲ್ಲಷ್ಟು ದೊಡ್ಡದಾದ ಗುರಿಯನ್ನು ಆರಿಸಿಕೊಂಡರು.

ಆ ಆಯ್ಕೆಗೆ ಬೇಕಾದ ಸಮರ್ಥನೆ ಇಪ್ಪತ್ತು ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಲಕ್ಷಾಂತರ ಸೈನಿಕರು ಸತ್ತದ್ದನ್ನು ಕಂಡಿದ್ದ ಇಟಲಿಯ ಸೇನಾಧಿಕಾರಿ ಜೂಲಿಯೊ ಡುಯೆ, 1921ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸ್ಫೋಟಕ, ಬೆಂಕಿಬಾಂಬು ಮತ್ತು ವಿಷಾನಿಲಗಳನ್ನು ನಗರಗಳ ಮೇಲೆ ಒಟ್ಟಾಗಿ ಸುರಿದರೆ ಜನರ ಮನೋಬಲ ಕುಸಿದು, ಅವರೇ ತಮ್ಮ ಸರ್ಕಾರದ ಮೇಲೆ ಒತ್ತಡ ಹೇರಿ ಯುದ್ಧವನ್ನು ಬೇಗ ಮುಗಿಸುತ್ತಾರೆ ಎಂದು ವಾದಿಸಿದ್ದರು. ಯುದ್ಧ ಬೇಗ ಮುಗಿದರೆ ಒಟ್ಟಾರೆ ಸಾವು ಕಡಿಮೆ ಎಂಬ ಕರುಣೆಯ ಲೆಕ್ಕವೂ ಇದರೊಳಗಿತ್ತು. ನನ್ನನ್ನು ಹೆಚ್ಚು ಕಲಕುವುದು ಈ ಲೆಕ್ಕವೇ, ಏಕೆಂದರೆ ಸಜ್ಜನರೂ ಇದನ್ನು ಒಪ್ಪಿಕೊಳ್ಳಬಲ್ಲರು.

1942ರ ಫೆಬ್ರವರಿ 14ರಂದು ಬ್ರಿಟನ್ನಿನ ಬಾಂಬರ್ ಪಡೆಗೆ ಹೊರಟ ನಿರ್ದೇಶನವು ಶತ್ರುದೇಶದ ನಾಗರಿಕರ, ಅದರಲ್ಲೂ ಕೈಗಾರಿಕಾ ಕಾರ್ಮಿಕರ ಮನೋಬಲವನ್ನೇ ದಾಳಿಯ ಮುಖ್ಯ ಗುರಿಯೆಂದು ಘೋಷಿಸಿತು. ಮಾರ್ಚ್ ಕೊನೆಯಲ್ಲಿ ಚರ್ಚಿಲರ ವಿಜ್ಞಾನ ಸಲಹೆಗಾರ ಲಾರ್ಡ್ ಚೆರ್‌ವೆಲ್, ಜರ್ಮನಿಯ ದೊಡ್ಡ ಪಟ್ಟಣಗಳಲ್ಲಿ ಮನೆಗಳನ್ನು ಕೆಡವಿ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗವನ್ನು ನಿರಾಶ್ರಿತರನ್ನಾಗಿ ಮಾಡಬಹುದೆಂದು ಲೆಕ್ಕ ಹಾಕಿ ಟಿಪ್ಪಣಿ ಬರೆದರು. ಅದಕ್ಕೆ ಆಧಾರವಾಗಿ ಅವರು ಬಳಸಿಕೊಂಡದ್ದು, ಜರ್ಮನ್ ದಾಳಿಗೆ ತುತ್ತಾಗಿದ್ದ ಹಲ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಅಧ್ಯಯನವನ್ನು. ಅದೇ ಅಧ್ಯಯನದ ಅಂತಿಮ ವರದಿಯಾದರೋ, ಆ ಊರುಗಳಲ್ಲಿ ಜನರ ಮನೋಬಲ ಮುರಿದುಬಿದ್ದ ಕುರುಹೇ ಇಲ್ಲವೆಂದು ಹೇಳಿತು. ತಮ್ಮದೇ ಜನ ಬಾಂಬಿನಡಿ ಕುಸಿಯಲಿಲ್ಲವೆಂಬುದು ಕಣ್ಣೆದುರಿದ್ದರೂ ಜರ್ಮನ್ನರು ಕುಸಿಯುತ್ತಾರೆಂಬ ನಂಬಿಕೆ ಅಲುಗಲಿಲ್ಲ. ರೋಟರ್‌ಡ್ಯಾಮ್, ಕೊವೆಂಟ್ರಿಗಳನ್ನು ಜರ್ಮನ್ನರು ಮೊದಲೇ ಸುಟ್ಟಿದ್ದರೆಂಬುದನ್ನು ನಾನು ಮರೆತಿಲ್ಲ. ಆದರೆ ಸೇಡಿನಿಂದ ಹೊಡೆಯುವುದಕ್ಕೂ ವರ್ಷಗಟ್ಟಲೆ ಯೋಜಿಸಿ ಸುಡುವುದಕ್ಕೂ ವ್ಯತ್ಯಾಸವಿದೆ.

ಸಿದ್ಧಾಂತ ಬದಲಾದಂತೆ ನಗರವನ್ನು ನೋಡುವ ಕಣ್ಣೂ ಬದಲಾಯಿತು. ಜರ್ಮನಿಯ ಮಧ್ಯಯುಗದ ಲ್ಯೂಬೆಕ್ ಪಟ್ಟಣವನ್ನು ಮೊದಲು ಆರಿಸಿಕೊಂಡದ್ದು ಅಲ್ಲಿನ ಹಳೆಯ, ಒತ್ತೊತ್ತಾದ ಮನೆಗಳು ಸುಲಭವಾಗಿ ಉರಿಯುತ್ತವೆ ಎಂಬ ಕಾರಣಕ್ಕೆ. ಭಾರೀ ಸ್ಫೋಟಕಗಳಿಂದ ಛಾವಣಿ, ಕಿಟಕಿಗಳನ್ನು ಹಾರಿಸಿ ಗಾಳಿಗೆ ದಾರಿ ಮಾಡುವುದು, ಆ ಬಿರುಕುಗಳೊಳಗೆ ಸಾವಿರಾರು ಬೆಂಕಿಬಾಂಬುಗಳನ್ನು ಇಳಿಸುವುದು, ತಡವಾಗಿ ಸಿಡಿಯುವ ಬಾಂಬುಗಳಿಂದ ಬೆಂಕಿ ನಂದಿಸುವವರನ್ನು ದೂರವಿಡುವುದು, ಇವೆಲ್ಲ ಕ್ರಮಬದ್ಧ ವಿಧಾನವಾದವು. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗಿನ ಕಾರ್ಮಿಕರ ಬಡಾವಣೆಗಳಲ್ಲಿ ಎದ್ದ ಅಗ್ನಿಬಿರುಗಾಳಿ ಈ ವಿಧಾನದ ಫಲ. ಆ ದಾಳಿಸರಣಿಯಲ್ಲಿ 35,000ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ, ಬೆಂಕಿಬಾಂಬುಗಳನ್ನು ಪರೀಕ್ಷಿಸಲೆಂದು, ಅಮೆರಿಕದ ಯೂಟಾ ಮರುಭೂಮಿಯಲ್ಲಿ ಬರ್ಲಿನ್ನಿನ ಕಾರ್ಮಿಕ ವಸತಿಗಳ ಪ್ರತಿರೂಪಗಳನ್ನು ಪೀಠೋಪಕರಣ ಸಮೇತ ಕಟ್ಟಿ, ಸುಟ್ಟು, ಮತ್ತೆ ಕಟ್ಟಿದರು. ಆ ಕೆಲಸಕ್ಕೆ ನೆರವಾದವರಲ್ಲಿ ಒಬ್ಬರು, ಹಿಂದೆ ಬರ್ಲಿನ್ನಿನಲ್ಲೇ ಹೆಸರುವಾಸಿಯಾಗಿದ್ದು ನಾಜಿಗಳಿಂದಾಗಿ ದೇಶ ಬಿಟ್ಟ ವಾಸ್ತುಶಿಲ್ಪಿ ಎರಿಕ್ ಮೆಂಡೆಲ್‌ಸೋನ್.

ನಿರೀಕ್ಷಿಸಿದ ಕುಸಿತ ಬರಲೇ ಇಲ್ಲ. ಜರ್ಮನಿಯ ಶಸ್ತ್ರಾಸ್ತ್ರ ಉತ್ಪಾದನೆ 1944ರಲ್ಲಿ ಹಿಂದೆಂದಿಗಿಂತ ಹೆಚ್ಚಿತ್ತು. ಬಾಂಬು ದಾಳಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರ ಸುಟ್ಟ ಮೇಲೆ, 1945ರ ಮಾರ್ಚ್ 28ರಂದು, ಬೇರೆ ನೆಪಗಳ ಮರೆಯಲ್ಲಿ ಭಯ ಹೆಚ್ಚಿಸುವುದಕ್ಕಾಗಿಯೇ ಜರ್ಮನ್ ನಗರಗಳ ಮೇಲೆ ಬಾಂಬು ಹಾಕುತ್ತಿರುವುದನ್ನು ಮರುಪರಿಶೀಲಿಸಬೇಕೆಂದು ಸ್ವತಃ ಚರ್ಚಿಲ್ ಬರೆದರು. ವಾಯುಪಡೆಯ ಮುಖ್ಯಸ್ಥರು ಆಕ್ಷೇಪಿಸಿದಾಗ ಅದನ್ನು ಹಿಂದಕ್ಕೆ ಪಡೆದು, ಏಪ್ರಿಲ್ 1ರಂದು ಮತ್ತೊಂದು ಟಿಪ್ಪಣಿ ಹೊರಡಿಸಿದರು. ಅದರಲ್ಲಿ ಭಯದ ಮಾತು ಇರಲಿಲ್ಲ.