ಸಿಲಿಂಡರ್ ಸಿಡಿದ್ರೆ ಎಮ್ಮೆಲ್ಲೆ ಬರೋವರ್ಗೂ ಕಾಯ್ಬೇಡಿ

ಗ್ಯಾಸ್ ಸಿಲಿಂಡರ್ ಸಿಡಿದು ಮನೆಮಂದಿ ಆಸ್ಪತ್ರೆ ಸೇರಿದ್ರೆ ನಮ್ ಜನ ಮೊದ್ಲು ನೋಡೋದು ಎಮ್ಮೆಲ್ಲೆ ಬಂದು ಎಷ್ಟು ಪರಿಹಾರ ಘೋಷಣೆ ಮಾಡ್ತಾರೆ ಅಂತ. ಆದ್ರೆ ಇಂಡೇನ್, ಎಚ್‌ಪಿ, ಭಾರತ್ ಗ್ಯಾಸ್ ಮೂರೂ ಕಂಪನಿಯವ್ರು ಗ್ರಾಹಕರಿಗೋಸ್ಕರ ಇನ್ಶೂರೆನ್ಸ್ ಮಾಡ್ಸಿರ್ತಾರೆ, ನಾವು ಒಂದು ಪೈಸೆ ಪ್ರೀಮಿಯಂ ಕಟ್ಬೇಕಾಗಿಲ್ಲ. ಗ್ಯಾಸಿಂದಾನೇ ಅವಘಡ ಆಗಿದ್ರೆ, ಸತ್ತೋರಿಗೆ ತಲಾ 6 ಲಕ್ಷ, ಗಾಯ ಆದೋರ ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ (ಒಂದು ಘಟನೆಗೆ ಒಟ್ಟು 30 ಲಕ್ಷ), ಕನೆಕ್ಷನ್ ಇರೋ ವಿಳಾಸದ ಮನೆ ಹಾಳಾಗಿದ್ರೆ 2 ಲಕ್ಷದವರೆಗೆ. ಸುಟ್ಟಗಾಯದ ಬಿಲ್ ನೋಡಿದೋರಿಗೆ ಗೊತ್ತು, 2 ಲಕ್ಷ ಏನೇನೂ ಸಾಲಲ್ಲ, ಆದ್ರೂ ಬರೋದನ್ನ ಯಾಕೆ ಬಿಡ್ಬೇಕು?

ಇನ್ಶೂರೆನ್ಸ್ ಆಫೀಸಿಗೆ ನೀವೇ ಅಲೆಯೋದು ಬೇಡ. ನಿಮ್ಮ ಏಜೆನ್ಸಿಗೆ ಬರವಣಿಗೆಯಲ್ಲಿ ತಿಳ್ಸಿ, ಅವ್ರು ಕಂಪನಿಗೆ ತಿಳಿಸ್ತಾರೆ, ಮುಂದಿನದನ್ನ ಕಂಪನಿ ನೋಡ್ಕೊಳ್ಳುತ್ತೆ. ಬರೀ ಫೋನ್ ಮಾಡಿ ಸುಮ್ನಾಗ್ಬೇಡಿ, ಅರ್ಜಿ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಪೊಲೀಸ್ ಕಂಪ್ಲೇಂಟ್, ಡಿಸ್ಚಾರ್ಜ್ ಕಾರ್ಡು, ಡಾಕ್ಟರ್ ಚೀಟಿ, ಔಷಧಿ ಅಂಗಡಿ ಬಿಲ್ಲು ಎಲ್ಲಾ ಒರಿಜಿನಲ್ಲೇ ಇಟ್ಕೊಳ್ಳಿ, ಸಾವಾಗಿದ್ರೆ ಪೋಸ್ಟ್‌ಮಾರ್ಟಂ ವರದಿನೂ ಬೇಕು. ಮತ್ತೆ ಆ ಸಿಲಿಂಡರ್, ರೆಗ್ಯುಲೇಟರ್, ಪೈಪನ್ನ ಗುಜರಿಗೆ ಹಾಕಿಬಿಟ್ರೆ ತಪ್ಪು ಯಾರ್ದು ಅಂತ ತೋರ್ಸೋದು ಹೇಗೆ? ಪೊಲೀಸ್ರು, ನಷ್ಟ ಅಂದಾಜು ಮಾಡೋಕೆ ಬರೋ ಇನ್ಶೂರೆನ್ಸ್ ಸರ್ವೇಯರ್ ನೋಡೋವರ್ಗೂ ಮುಟ್ಬೇಡಿ, ಫೋಟೋ ತೆಗೆದಿಡಿ.

ಕ್ಲೇಮ್ ರಿಜೆಕ್ಟ್ ಆದ್ರೆ, ಇಲ್ಲಾ ವಾಲ್ವೇ ಸರಿ ಇರ್ಲಿಲ್ಲ ಅಂತಿದ್ರೆ, ಜಿಲ್ಲಾ ಗ್ರಾಹಕರ ಆಯೋಗ ಇದೆ, 2 ವರ್ಷದೊಳಗೆ ಹೋಗ್ಬೇಕು, ವಕೀಲ್ರು ಇಲ್ದೇನೂ ವಾದ ಮಾಡ್ಬಹುದು. ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ವಕೀಲರ ನೆರವು ಉಚಿತ, ಅಡುಗೆಮನೇಲಿ ಸುಟ್ಕೊಳ್ಳೋರು ಹೆಚ್ಚಾಗಿ ಅವ್ರೇ ಅಲ್ವಾ.

ನಂಗೆ ಬೇಜಾರಾಗೋದು ಬಾಡಿಗೆ ರೂಮಿನ ಹುಡುಗ್ರು, ತಳ್ಳುಗಾಡಿಯವ್ರ ವಿಷ್ಯದಲ್ಲಿ. ಸಂದಿ ಅಂಗಡೀಲಿ ಕದ್ದು ತುಂಬ್ಸಿದ ಸಣ್ಣ ಸಿಲಿಂಡರ್ ಸಿಡಿದ್ರೆ ಈ ಇನ್ಶೂರೆನ್ಸ್ ನಂಬ್ಕೊಂಡು ಕೂರೋ ಹಾಗಿಲ್ಲ, ತುಂಬ್ಸಿದೋನು ಅಷ್ಟೊತ್ತಿಗೆ ಬಾಗ್ಲು ಹಾಕ್ಕೊಂಡು ಹೋಗಿರ್ತಾನೆ. ಕಂಪನಿಯವ್ರದ್ದೇ 5 ಕೆಜಿ ಸಿಲಿಂಡರ್ ಬರುತ್ತೆ, ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಒಂದಿದ್ರೆ ಸಾಕು. ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಅದನ್ನೇ ತಗೊಳ್ರಪ್ಪಾ.