ಹುಳದಕ್ಕ ಅಂತ ಹೆಸರು ಬಂದ ಬೇಸಿಗೆ

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಅಂದಾಗ ಹಾಸ್ಟೆಲ್ಲು, ಕ್ಯಾಂಟೀನು, ಕಾಲೇಜ್ ಡೇ ಅಂತ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಬಿ.ಎಸ್ಸಿ. ಎರಡನೇ ವರ್ಷದ ರಜೆಯಲ್ಲಿ ಮಾಡಿದ ಇಂಟರ್ನ್‌ಶಿಪ್ ಬಗ್ಗೆ ಬರೆಯುತ್ತೇನೆ. ಪ್ರಾಣಿಶಾಸ್ತ್ರ ಓದುವವರಿಗೆ ಉಪಯೋಗಕ್ಕೂ ಬರಬಹುದು.

ಜಾಗ ಮೈಸೂರಿನ ಒಂದು ಬಡಾವಣೆ. ಅಲ್ಲಿ ಸಾರ್ವಜನಿಕ ಉಪಯೋಗಕ್ಕೆ ಅಂತ ಬಿಟ್ಟ ಸಿ.ಎ. ಸೈಟಿನಲ್ಲಿ ಮೊದಲು ಕಟ್ಟಡದ ಕಸ ಸುರಿಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಬಡಾವಣೆಯವರೇ ಸೇರಿ ಮಡಿ ಮಾಡಿ ಸೊಪ್ಪು, ಟೊಮೇಟೊ, ಈರನಗೆರೆ ಬದನೆ, ಹೀರೆಕಾಯಿ ಬೆಳೆಯುತ್ತಿದ್ದರು. ಬೆಳಿಗ್ಗೆ ಅವರ ಜೊತೆ ಕಳೆ ಕೀಳುವುದು, ನೀರು ಹಾಯಿಸುವುದು, ಉದುರಿದ ಹೊಂಗೆ ಎಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುವುದು. ಆಮೇಲೆ ಬಿಸಿಲು ಏರುವ ತನಕ ಬೇಸಿಗೆ ಶಿಬಿರದ ಮಕ್ಕಳಿಗೆ ಕೀಟಗಳನ್ನು ತೋರಿಸುವುದು. ಸಂಬಳ ಇಲ್ಲ. ಆದರೆ ತಿಂಡಿಗೆ ಕೊರತೆ ಆಗಲೇ ಇಲ್ಲ, ಯಾವುದಾದರೂ ಮನೆಯಿಂದ ಒಂದು ಡಬ್ಬಿ ಬಂದೇ ಬರುತ್ತಿತ್ತು.

ದೊಡ್ಡವರು ಯಾವ ಹುಳ ಕಂಡರೂ ಕೇಳುತ್ತಿದ್ದುದು ಒಂದೇ: "ಇದಕ್ಕೆ ಏನಮ್ಮಾ ಔಷಧಿ ಹೊಡೆಯೋದು?" ಮಕ್ಕಳು ಮಾತ್ರ "ಅಕ್ಕಾ, ಇದು ಏನ್ಮಾಡ್ತಿದೆ?" ಅಂತ ಕೇಳುತ್ತಿದ್ದರು. ನಾನು ಕಾಲೇಜಿನಲ್ಲಿ ಕಲಿತಿದ್ದು ಎರಡೂ ಅಲ್ಲ. ಹೆಸರು, ಗಣ, ಕುಟುಂಬ, ಅಷ್ಟೇ. ಪ್ರಾಕ್ಟಿಕಲ್‌ಗೆ ಅಂತ ಕೀಟಗಳಿಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸಿದ್ದೆವಲ್ಲ, ಅದೇ ಕೀಟ ಗಿಡದ ಮೇಲೆ ಇಡೀ ಬೆಳಿಗ್ಗೆ ಏನು ಮಾಡಿಕೊಂಡಿರುತ್ತೆ ಅಂತ ಮಕ್ಕಳಿಗೆ ಉತ್ತರ ಕೊಡುವುದಕ್ಕಾಗಿಯೇ ನಾನೂ ಕೂತು ನೋಡಲು ಶುರು ಮಾಡಿದೆ.

ಮೊದಲ ಗಲಾಟೆ ಗುಲಗಂಜಿ ಹುಳದ್ದು. ಅದು ರೈತನ ಸ್ನೇಹಿತ, ಗಿಡದ ರಸ ಹೀರುವ ಸಸ್ಯಹೇನು ತಿನ್ನುತ್ತೆ ಅಂತ ಹೇಳಿಕೊಟ್ಟಿದ್ದೆ. ಮಾರನೇ ದಿನ ಒಬ್ಬ ಹುಡುಗಿ ಬದನೆ ಎಲೆ ಹಿಡಿದುಕೊಂಡು ಬಂದಳು. ಹಸಿರನ್ನೆಲ್ಲ ಕೆರೆದು ತಿಂದು ಬರೀ ನರ ಉಳಿಸಿತ್ತು, ಮೇಲೆ ಕೂತಿದ್ದು ಚುಕ್ಕಿ ಚುಕ್ಕಿಯ ಗುಲಗಂಜಿ ಹುಳುವೇ! ಅದು ಎಪಿಲಾಕ್ನಾ. ಒಂದೇ ಕುಟುಂಬ, ಆದರೆ ಪಕ್ಕಾ ಸಸ್ಯಾಹಾರಿ. ಲೆನ್ಸಿನಲ್ಲಿ ನೋಡಿದರೆ ಮೈಮೇಲೆ ಸಣ್ಣ ಕೂದಲು, ಅದಕ್ಕೇ ಬಣ್ಣ ಮಂಕು. ಹೇನು ತಿನ್ನುವುದರ ಬೆನ್ನು ನುಣ್ಣಗೆ ಹೊಳೆಯುತ್ತೆ. ಮಕ್ಕಳೇ ಕಾನೂನು ಮಾಡಿದರು: ಹೊಳೆದರೆ ಬಿಡು, ಮಂಕಾಗಿದ್ದರೆ ಸೋಪಿನ ನೀರಿಗೆ ಹಾಕು. ಪಠ್ಯಪುಸ್ತಕಕ್ಕೆ ಸಾಲದಿರಬಹುದು, ಆ ತೋಟಕ್ಕೆ ಸಾಕಾಯಿತು. ಔಷಧಿ ಹೊಡೆದಿದ್ದರೆ ಎರಡೂ ಸಾಯುತ್ತಿದ್ದವು.

ಪಪ್ಪಾಯ ಗಿಡದಲ್ಲಿ ಹಿಟ್ಟು ತಿಗಣೆ ಹತ್ತಿತ್ತು, ಮೈಮೇಲೆ ಹಿಟ್ಟಿನಂಥ ಬಿಳಿ ಮೇಣ ಹೊದ್ದು ರಸ ಹೀರುವ ಕೀಟ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಅಂಕಲ್ ಔಷಧಿ ಹೊಡೆಯುವ ಪಂಪು ತಂದೇಬಿಟ್ಟಿದ್ದರು. ಅವರನ್ನು ಕೂರಿಸಿ ಪಪ್ಪಾಯ ಹಿಟ್ಟು ತಿಗಣೆಯ ಕಥೆ ಹೇಳಿದೆ. ಅದು ನಮ್ಮ ದೇಶದ್ದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ ಎಲ್ಲದಕ್ಕೂ ಹತ್ತಿತು. ಎಷ್ಟು ಔಷಧಿ ಹೊಡೆದರೂ ಮೈಮೇಲಿನ ಮೇಣದಿಂದಾಗಿ ಸರಿಯಾಗಿ ತಾಗುತ್ತಿರಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಅಸಿರೋಫಾಗಸ್ ಪಪಾಯೇ ಅನ್ನುವ ಪರತಂತ್ರ ಕಣಜವನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದಲ್ಲಿರುವ ಈಗಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದವರು ಬೆಳೆಸಿ ಬಿಟ್ಟರು. ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ. ತಿಗಣೆ ಮರಿಯ ಒಳಗೆ ಮೊಟ್ಟೆ ಇಡುತ್ತೆ, ಕಣಜದ ಮರಿ ತಿಗಣೆಯನ್ನು ಒಳಗಿನಿಂದಲೇ ತಿಂದು ಮುಗಿಸುತ್ತೆ. ಅಂಕಲ್ ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಎಲೆ ಹಿಂದೆ ಲೆನ್ಸ್ ಹಿಡಿದು ಹುಡುಕಿದೆವು. ಬಿಳಿ ಗುಂಪಿನ ನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಒಣಗಿದ್ದವು, ಪ್ರತಿಯೊಂದರಲ್ಲೂ ಸೂಜಿಯಲ್ಲಿ ಚುಚ್ಚಿದ ಹಾಗೆ ಒಂದು ದುಂಡು ತೂತು, ಅಂದರೆ ಯಾವುದೋ ಕಣಜ ಆಗಲೇ ಬಂದು ತನ್ನ ಕೆಲಸ ಮುಗಿಸಿ ಹಾರಿಹೋಗಿತ್ತು. ಪಂಪು ವಾಪಸ್ ಮನೆಗೆ ಹೋಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಬದನೆ ಹೂವು. ಕಾಯಿ ಕಮ್ಮಿ ಕಚ್ಚುತ್ತಿದೆ, ಒಂದು ಜೇನು ಪೆಟ್ಟಿಗೆ ಇಡೋಣ ಅಂತ ತೋಟದ ಸಮಿತಿಯಲ್ಲಿ ಮಾತು ನಡೆದಿತ್ತು. ಆದರೆ ಬದನೆಯ ಪರಾಗ ಹೊರಗೆ ಸಿಗುವುದಿಲ್ಲ. ಹೂವಿನ ನಡುವಿನ ಹಳದಿ ಕೊಳವೆಗಳ ಒಳಗೆ ಇರುತ್ತೆ, ತುದಿಯಲ್ಲಿ ಮಾತ್ರ ಸಣ್ಣ ರಂಧ್ರ. ಅಲುಗಾಡಿಸಿದರೆ ಉದುರುತ್ತೆ. ನಮ್ಮ ಪೆಟ್ಟಿಗೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ಬರುವುದು ಅಮೆಗಿಲ್ಲಾ ಅನ್ನುವ ನೀಲಿ ಪಟ್ಟೆ ಜೇನಿಗೆ, ದೊಡ್ಡ ಕರಿ ದುಂಬಿಗೆ. ಅವು ಹೂವನ್ನು ತಬ್ಬಿ ಹಿಡಿದು ರೆಕ್ಕೆ ಬಡಿಯದೆ, ಹಾರುವ ಸ್ನಾಯುವನ್ನು ಮಾತ್ರ ನಡುಗಿಸುತ್ತವೆ. ಆಗ ಗುಂಯ್ ಅನ್ನುವ ಸ್ವರವೇ ಬದಲಾಗುತ್ತೆ, ಹತ್ತಿರ ಕೂತರೆ ಚೆನ್ನಾಗಿ ಕೇಳಿಸುತ್ತೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ ಅಲ್ವಾ? ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಿಂದ 256 ಅಂತ ಕೆತ್ತಿದ್ದ, ಅಂದರೆ ಬಡಿದರೆ ಸೆಕೆಂಡಿಗೆ 256 ಸಲ ನಡುಗುವ ಟ್ಯೂನಿಂಗ್ ಫೋರ್ಕ್ ತಂದೆ. ಹೂವಿನ ಕೆಳಗೆ ಕಪ್ಪು ಚಾರ್ಟ್ ಪೇಪರ್ ಹಿಡಿದು, ಫೋರ್ಕ್ ಬಡಿದು ಹಳದಿ ಕೊಳವೆಗೆ ಮುಟ್ಟಿಸಿದೆ. ತಿಳಿ ಹಳದಿ ಪುಡಿ ಸುರ್ರಂತ ಕಾಗದದ ಮೇಲೆ ಬಿತ್ತು. ಒಂದು ಕ್ಷಣ ಎಲ್ಲರೂ ಸುಮ್ನಾದರು, ಆಮೇಲೆ ನಾನು ನಾನು ಅಂತ ಫೋರ್ಕಿಗೆ ಕಿತ್ತಾಟ. ಜೇನು ಪೆಟ್ಟಿಗೆ ತರುವ ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ತಕರಾರು ಬಾಕಿ ಇತ್ತು. ನೀಲಿ ಪಟ್ಟೆ ಜೇನು ಗೂಡು ಕಟ್ಟುವುದು ಮಣ್ಣಿನಲ್ಲಿ, ಒಂದೊಂದು ಹೆಣ್ಣಿಗೆ ಒಂದೊಂದು ಬಿಲ. ಸಮಿತಿಯವರು ಮಡಿಗಳ ನಡುವೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಲು ಹೊರಟಿದ್ದರು, ಮಳೆಗಾಲದಲ್ಲಿ ಕೆಸರಾಗುತ್ತೆ ಅಂತ. ಅವರು ಹೇಳುವುದರಲ್ಲೂ ತಪ್ಪಿರಲಿಲ್ಲ. ಮಕ್ಕಳು ಐಸ್‌ಕ್ರೀಂ ಕಡ್ಡಿ ತಂದು, ಜೇನು ಒಳಗೆ ಹೋದ ಪ್ರತಿ ತೂತಿನ ಪಕ್ಕ ಒಂದು ನೆಟ್ಟರು. ಕಾಂಪೌಂಡ್ ಪಕ್ಕದ ಬಿಸಿಲು ಬೀಳುವ ಜಾಗವೆಲ್ಲ ಕಡ್ಡಿ. ಟೈಲ್ಸ್ ಹಾಕಲು ಬಂದ ಮೇಸ್ತ್ರಿ "ಇದೇನಮ್ಮಾ, ಸರ್ವೆ ಕಲ್ಲಾ?" ಅಂದರು. ಕೊನೆಗೆ ಆ ಅಂಚನ್ನು ಮಣ್ಣಾಗಿಯೇ ಬಿಟ್ಟು ಉಳಿದ ಕಡೆ ಹಾಕಿಸಿದರು. ಹೀರೆ ಚಪ್ಪರದ ಒಣ ಬಿದಿರಿನಲ್ಲಿ ಕರಿ ದುಂಬಿ ಕೊರೆದಿದ್ದ ತೂತಿಗೆ ಸಿಮೆಂಟ್ ಮೆತ್ತುವುದೂ ತಪ್ಪಿತು.

ಇಂಟರ್ನ್‌ಶಿಪ್ ವರದಿಯ ಕೊನೆಯಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳನ್ನು ಸೇರಿಸಿದ್ದೆ. ಕೀಟಕ್ಕೆ ಆರು ಕಾಲು ಅಂತ ಎಷ್ಟು ಸಲ ಹೇಳಿಸಿದ್ದೆನೋ, ಒಬ್ಬ ಜೇಡಕ್ಕೂ ಆರೇ ಬಿಡಿಸಿದ್ದ. ನಮ್ಮ ಮೇಡಂ ಅದಕ್ಕೆ ಕೆಂಪು ಪೆನ್ನಿನಲ್ಲಿ ಇನ್ನೆರಡು ಸೇರಿಸಿ ಕೊಟ್ಟರು.

ಈ ಬೇಸಿಗೆಯಲ್ಲಿ ಇಂಥ ಕಡೆ ಹೋಗುವವರು ಒಂದು ಕೈ ಲೆನ್ಸು, ಒಂದು ಕಪ್ಪು ಚಾರ್ಟ್ ಪೇಪರ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಬದನೆ ಹೂವಿನ ಹತ್ತಿರ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಜೇನು ಬರುವುದು ಕಮ್ಮಿ, ನೀವೂ ನಿಲ್ಲಲಾರಿರಿ. ಫೋರ್ಕ್ ಲ್ಯಾಬಿನಲ್ಲಿ ಕೇಳಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಕೊಡುತ್ತಾರೆ. ಜೊತೆಗೆ ರಬ್ಬರ್ ಪ್ಯಾಡನ್ನೂ ಕೇಳಿ ತಗೊಳ್ಳಿ. ಕಲ್ಲಿಗೆ ಬಡಿದರೆ ಫೋರ್ಕ್ ಹಾಳು ಅಂತ ಅಟೆಂಡರ್ ನನಗೆ ಗೇಟಿನ ತನಕ ಬಂದು ಹೇಳಿದ್ದರು.